ಅಡಮಾನದ ಮನೆ ಮತ್ತು ಪ್ರಮಾದದ ಹಿಂಸೆ

ಪಡೆದ ಸಾಲವನ್ನು ತೀರಿಸಬೇಕೆಂಬುದು ಗೃಹಸ್ಥಧರ್ಮದ ಮೊದಲ ಪಾಠಗಳಲ್ಲಿ ಒಂದು. ಇದರಲ್ಲಿ ಯಾವ ಮತದವರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ತೀರಿಸುವ ಮನಸ್ಸಿದ್ದೂ ಶಕ್ತಿ ಕುಂದಿದವನೊಬ್ಬನು ಸಾಲ ಕೊಟ್ಟವರ ಬಳಿಗೆ ಹೋಗಿ, ಕಂತನ್ನು ಇಳಿಸಿ ಅವಧಿಯನ್ನು ಹೆಚ್ಚಿಸಿದರೆ ಕೊಟ್ಟು ತೀರಿಸುತ್ತೇನೆ ಎಂದು ಬೇಡಿಕೊಂಡಾಗ, ಆಗದು ಎಂದು ಹೇಳಿ ಅವನ ಮನೆಯನ್ನು ಹರಾಜಿಗೆ ಇಡುವುದು ಸರಿಯೇ? ಕಾನೂನು ಅದಕ್ಕೆ ಅನುಮತಿ ಕೊಟ್ಟೀತು. ಧರ್ಮವೂ ಕೊಡುತ್ತದೆಯೇ?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2007ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಲಕ್ಷಾಂತರ ಕುಟುಂಬಗಳ ಬಾಳಿನಲ್ಲಿ ಈ ಪ್ರಶ್ನೆ ಎದ್ದು ನಿಂತಿತು. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿರುವ ಸಂಸಾರಗಳು ಅನೇಕ. ಇಲ್ಲಿಯೂ ಮನೆಯ ಮೇಲೆ ಸಾಲ ಪಡೆದವರು, ಪತ್ತಿನ ಸಂಘಗಳಲ್ಲಿ ಸಾಲ ಮಂಜೂರು ಮಾಡುವವರು, ದೇವಾಲಯದ ನಿಧಿಯನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಪಡೆಯುವ ವಿಶ್ವಸ್ತರು ಇದ್ದಾರೆ. ಆದುದರಿಂದ ದೂರದ ದೇಶದಲ್ಲಿ ನಡೆದ ಈ ಸಂಗತಿಯನ್ನು ನಿದಾನಿಸಿ ನೋಡುವುದು ಎಲ್ಲರಿಗೂ ಉಪಯುಕ್ತ.

ವಿಷಯ ಸ್ಪಷ್ಟವಾಗಲೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಊರು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್. ಆ ಕಾಲದಲ್ಲಿ ದೇಶದಲ್ಲೇ ಅತಿ ಹೆಚ್ಚು ಮನೆಗಳು ಜಪ್ತಿಯಾದ ನಗರಗಳಲ್ಲಿ ಅದೂ ಒಂದು. 2012ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಈ ಸಂಸಾರವು 2006ರಲ್ಲಿ, ಮನೆಗಳ ಬೆಲೆ ಶಿಖರದಲ್ಲಿದ್ದಾಗ, ಶೇಕಡಾ 6.5ರ ಬಡ್ಡಿಗೆ 30 ವರ್ಷಗಳ ಅವಧಿಗೆ 3 ಲಕ್ಷ ಡಾಲರ್ ಸಾಲ ಮಾಡಿ ಮನೆ ಕೊಂಡಿತು. ತಿಂಗಳ ಕಂತು ಸುಮಾರು 1,896 ಡಾಲರ್. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದುದರಿಂದ ಕಂತು ತಪ್ಪುತ್ತಿರಲಿಲ್ಲ. 2009ರಲ್ಲಿ ಒಬ್ಬರ ಉದ್ಯೋಗ ಹೋಯಿತು. ವರಮಾನ 4,200 ಡಾಲರಿಗೆ ಇಳಿಯಿತು. ಅಷ್ಟರಲ್ಲಿ ಮನೆಯ ಬೆಲೆಯೂ ಅರ್ಧಕ್ಕೆ ಕುಸಿದಿತ್ತು. ಮಾರಿದರೂ ಸಾಲ ತೀರದು. ಅವರು ಬ್ಯಾಂಕಿಗೆ ಅರ್ಜಿ ಬರೆದರು. ಸಂಬಳದ ಚೀಟಿ, ತೆರಿಗೆಯ ಕಾಗದ, ಕಷ್ಟವನ್ನು ವಿವರಿಸಿದ ಪತ್ರ ಎಲ್ಲವನ್ನೂ ಲಗತ್ತಿಸಿದರು. ಕೆಲವು ತಿಂಗಳ ಬಳಿಕ ಎರಡು ಸಾಲಿನ ಉತ್ತರ ಬಂದಿತು: ಕಾಗದಪತ್ರಗಳು ಅಪೂರ್ಣ, ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅದರ ಹಿಂದೆಯೇ ಹರಾಜಿನ ನೋಟೀಸು ಬಂದಿತು.

ಸಂಸಾರ ಕಲ್ಪಿತವಾದರೂ ಅದರ ಕಥೆ ಆ ವರ್ಷಗಳಲ್ಲಿ ಊರೂರಿನಲ್ಲಿ ನಡೆದುದು. ಇಲ್ಲಿ ದೋಷ ಯಾರದು?

ಮೊದಲು ಸಾಲಗಾರನ ಪಾಲನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಪರಿಗ್ರಹಪರಿಮಾಣ ವ್ರತದಲ್ಲಿ ಎಣಿಸುವ ವಸ್ತುಗಳ ಪಟ್ಟಿ ಆರಂಭವಾಗುವುದೇ ಹೊಲ ಮತ್ತು ಮನೆಗಳಿಂದ. ತನ್ನ ವರಮಾನ ಹೊರಲಾರದಷ್ಟು ದೊಡ್ಡ ಮನೆಗೆ ಆಸೆಪಟ್ಟವನು ಆ ವ್ರತದ ಎಲ್ಲೆಯನ್ನು ಆಗಲೇ ದಾಟಿರುತ್ತಾನೆ. ಬೆಲೆ ಏರುತ್ತಲೇ ಇರುತ್ತದೆ, ಮಾರಿದರೆ ಲಾಭ ಬರುತ್ತದೆ ಎಂಬ ಲೆಕ್ಕದಲ್ಲಿ ಅಂದು ಅನೇಕರು ಸಾಲ ಮಾಡಿದರು. ಅವರಿಗೆ ಒದಗಿದ ಕಷ್ಟದಲ್ಲಿ ಅವರ ಲೋಭದ ಅಂಶವೂ ಇತ್ತು.

ಆದರೆ ಭಾರ ಹೊತ್ತವನ ಜೊತೆಗೆ ಭಾರ ಹೊರಿಸಿದವನೂ ಇದ್ದಾನೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿಭಾರಾರೋಪಣವನ್ನು, ಎಂದರೆ ಶಕ್ತಿ ಮೀರಿದ ಹೊರೆ ಹೇರುವುದನ್ನು ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರದ ದೋಷವನ್ನು ಎರಡು ಕಡೆ ಎಣಿಸುತ್ತಾರೆ: ಒಮ್ಮೆ ಅಹಿಂಸೆಯ ಅತಿಚಾರಗಳಲ್ಲಿ, ಇನ್ನೊಮ್ಮೆ ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ. ಎತ್ತಿನ ಬೆನ್ನಿಗೆ ಹೆಚ್ಚು ಮೂಟೆ ಹೇರುವವನ ಕೈಯಲ್ಲಿ ಕ್ರೌರ್ಯವಿದೆ, ಅವನ ಮನಸ್ಸಿನಲ್ಲಿ ಲೋಭವಿದೆ ಎಂಬ ಎರಡು ಸತ್ಯಗಳೂ ಇದರಿಂದ ತಿಳಿಯುತ್ತವೆ. 2004ರಿಂದ 2006ರ ವರೆಗೆ ಅಮೆರಿಕದಲ್ಲಿ ವರಮಾನದ ದಾಖಲೆಯನ್ನೇ ಕೇಳದೆ ಸಾಲ ಕೊಟ್ಟ ಸಂಸ್ಥೆಗಳಿದ್ದವು. ಮೊದಲ ಎರಡು ವರ್ಷ ಕಡಮೆ ಬಡ್ಡಿ, ಆಮೇಲೆ ಒಮ್ಮೆಗೇ ಏರುವ ಬಡ್ಡಿ ಎಂಬ ಸಾಲಗಳೂ ಧಾರಾಳವಾಗಿ ಹಂಚಿಕೆಯಾದವು. ಹೊರಲಾರನೆಂದು ತಿಳಿದೂ ಹೊರಿಸಿದ್ದಕ್ಕೆ ಕಾರಣ ಸರಳ. ಸಾಲ ಕೊಟ್ಟವನು ಅದನ್ನು ತನ್ನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಬೇರೆಯವರಿಗೆ ಮಾರಿ ತನ್ನ ಕಮಿಷನ್ ಪಡೆದು ಹೊರಟುಹೋಗುತ್ತಿದ್ದನು.

ಇಲ್ಲಿಂದ ಪ್ರಶ್ನೆ ಜಟಿಲವಾಗುತ್ತದೆ. ಸಾವಿರಾರು ಮನೆಗಳ ಸಾಲಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ, ಆ ಗಂಟಿನ ಮೇಲೆ ಸಾಲಪತ್ರಗಳನ್ನು ಹೊರಡಿಸಿ ಮಾರುವ ಪದ್ಧತಿ ಅಲ್ಲಿ ಬೆಳೆದಿತ್ತು. ಕೊಂಡವರು ವಿಮಾ ಕಂಪನಿಗಳು, ಬ್ಯಾಂಕುಗಳು, ಶಿಕ್ಷಕರ ಮತ್ತು ಕಾರ್ಮಿಕರ ನಿವೃತ್ತಿವೇತನದ ನಿಧಿಗಳು. ಕಂತು ವಸೂಲು ಮಾಡುವ ಕೆಲಸ ಮಾತ್ರ ಬೇರೊಂದು ಸಂಸ್ಥೆಯದು. ಅದನ್ನು ಅಲ್ಲಿ ಸರ್ವಿಸರ್ ಎನ್ನುತ್ತಾರೆ. ಸಾಲಗಾರನು ಬ್ಯಾಂಕ್ ಎಂದು ತಿಳಿದು ಅರ್ಜಿ ಸಲ್ಲಿಸುವುದು ಬಹುಮಟ್ಟಿಗೆ ಈ ವಸೂಲಿ ಸಂಸ್ಥೆಗೆ. ಹಣ ಅದರದಲ್ಲ, ಮನೆ ಹರಾಜಾದರೆ ಆಗುವ ನಷ್ಟವೂ ಅದರದಲ್ಲ. ತಡವಾದ ಕಂತಿನ ದಂಡದ ಹಣ ಸಾಮಾನ್ಯವಾಗಿ ಅದಕ್ಕೇ ಸಲ್ಲುತ್ತಿತ್ತು. ಸಾಲಗಾರನು ನಿಲ್ಲಿಸಿದ ಕಂತುಗಳನ್ನು ಹೂಡಿಕೆದಾರರಿಗೆ ತಾನು ಮುಂಗಡವಾಗಿ ಕೊಟ್ಟಿದ್ದರೆ, ಹರಾಜಿನಿಂದ ಬಂದ ಹಣದಲ್ಲಿ ಮೊದಲು ಅದನ್ನು ಹಿಂಪಡೆಯುವ ಹಕ್ಕೂ ಅದಕ್ಕಿತ್ತು. ಹೀಗೆ ಸಾಲದ ಷರತ್ತನ್ನು ಸಡಿಲಿಸುವ ಶ್ರಮಕ್ಕಿಂತ ಮನೆಯನ್ನು ಹರಾಜಿಗೆ ಕಳುಹಿಸುವ ದಾರಿ ಎಷ್ಟೋ ಸಲ ಅದಕ್ಕೆ ಸುಲಭವೂ ಲಾಭಕರವೂ ಆಗಿ ಕಂಡಿತು.

ಬ್ಯಾಂಕಿನ ಕಡೆಯಿಂದ ಕೇಳಿಬರುವ ವಾದವನ್ನೂ ನ್ಯಾಯವಾಗಿ ತೂಗಬೇಕು. ಒಬ್ಬನಿಗೆ ಕಂತು ಇಳಿಸಿದರೆ ಪಕ್ಕದ ಮನೆಯವನೂ ನಿಲ್ಲಿಸಿಬಿಡುತ್ತಾನೆ. ಹೊಟ್ಟೆ ಬಟ್ಟೆ ಕಟ್ಟಿ ಕಂತು ಕಟ್ಟಿದವನಿಗೆ ಏನು ಫಲ ಎಂಬ ಮಾತಿನಲ್ಲಿ ತಥ್ಯವಿದೆ. ಮನೆಯ ಬೆಲೆ ಸಾಲಕ್ಕಿಂತ ಕೆಳಗೆ ಇಳಿಯಿತೆಂಬ ಒಂದೇ ಕಾರಣಕ್ಕೆ, ಕೊಡುವ ಶಕ್ತಿಯಿದ್ದೂ ಬೀಗದ ಕೈಯನ್ನು ಬ್ಯಾಂಕಿಗೆ ಎಸೆದು ಹೋದವರು ಅಲ್ಲಿ ಇದ್ದರು. ಮನೆ ಕೊಳ್ಳಲೆಂದು ಮಾಡಿದ ಸಾಲದ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಕಾನೂನು ಸಾಮಾನ್ಯವಾಗಿ ಮನೆಯನ್ನು ಬಿಟ್ಟು ಉಳಿದ ಸೊತ್ತಿಗೆ ಕೈಹಾಕಲು ಬಿಡುವುದಿಲ್ಲ. ಆದರೆ ಕಾನೂನು ಬಿಟ್ಟುಕೊಟ್ಟದ್ದನ್ನೆಲ್ಲ ಧರ್ಮ ಒಪ್ಪುವುದಿಲ್ಲ. ಶಕ್ತಿಯಿದ್ದೂ ಕೊಡದಿರುವುದು ಅಚೌರ್ಯವ್ರತಕ್ಕೆ ಕಳಂಕ. ಒಂದೇ ಬೀದಿಯಲ್ಲಿ ಕೊಡಲಾರದವನೂ ಕೊಡಲೊಲ್ಲದವನೂ ಅಕ್ಕಪಕ್ಕದಲ್ಲಿ ಇದ್ದಾರು. ಇಬ್ಬರೂ ಬರೆಯುವ ಅರ್ಜಿ ಒಂದೇ ರೀತಿ ಇದ್ದೀತು. ಇವರನ್ನು ಬೇರ್ಪಡಿಸುವ ಉಪಾಯ ಒಂದೇ: ಅರ್ಜಿಯನ್ನು ತೆರೆದು, ಕಾಗದಗಳನ್ನು ಓದಿ, ಲೆಕ್ಕ ಹಾಕಿ ನೋಡುವುದು.

ನೋಡುವ ಈ ಕ್ರಿಯೆಯಲ್ಲೇ ಪ್ರಶ್ನೆಯ ಮರ್ಮ ಅಡಗಿದೆ. ಜೀವಿಗೆ ನೋವಾದಲ್ಲೆಲ್ಲ ಹಿಂಸೆಯ ದೋಷ ತಗಲುತ್ತದೆಂದು ಆಚಾರ್ಯರು ಹೇಳಲಿಲ್ಲ. ಪ್ರಮಾದದ ಯೋಗದಿಂದ ಆದ ಘಾತವೇ ಹಿಂಸೆ ಎಂದರು. ನೆಲವನ್ನು ನೋಡಿ ನಡೆಯುವ ಮುನಿಯ ಪಾದದಡಿಗೆ ಅಕಸ್ಮಾತ್ತಾಗಿ ಕೀಟವೊಂದು ಸಿಲುಕಿ ಸತ್ತರೆ ಅವರಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆಯುವವನ ಕಾಲಿಗೆ ಯಾವ ಜೀವಿಯೂ ಸಿಗದಿದ್ದರೂ ಅವನಿಗೆ ದೋಷ ತಪ್ಪದು. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಈ ಭೇದವನ್ನು ವಿಸ್ತಾರವಾಗಿ ಬಿಡಿಸಿಟ್ಟಿದ್ದಾರೆ. ಸಾಲದ ವಿಷಯಕ್ಕೆ ಇದನ್ನು ಅನ್ವಯಿಸಿದರೆ ಉತ್ತರ ಸ್ಪಷ್ಟವಾಗುತ್ತದೆ. ಕಂತು ಎಷ್ಟು ಇಳಿಸಿದರೂ ಕೊಡಲಾರದ ಸ್ಥಿತಿಗೆ ಬಂದವನ ಅರ್ಜಿಯನ್ನು ಚೆನ್ನಾಗಿ ಪರಿಶೀಲಿಸಿ, ಕಾರಣ ತಿಳಿಸಿ ನಿರಾಕರಿಸಿದರೆ, ಆ ಮನೆ ಹೋದರೂ ನಿರಾಕರಿಸಿದವನು ನಿರ್ದೋಷಿ. ಪರಿಶೀಲಿಸದೆ ನಿರಾಕರಿಸಿದರೆ ಅದು ಹಿಂಸೆ. ಆಮೇಲೆ ಆ ಸಂಸಾರ ಹೇಗೋ ಬದುಕಿಕೊಂಡಿತು ಎಂಬುದರಿಂದ ಆ ದೋಷ ಅಳಿಯುವುದಿಲ್ಲ.

ಅಮೆರಿಕದಲ್ಲಿ ಆದುದು ಹೆಚ್ಚಾಗಿ ಯಾವುದು? 2009ರಲ್ಲಿ ಅಲ್ಲಿನ ಸರಕಾರ ಸಾಲದ ಷರತ್ತುಗಳನ್ನು ಸಡಿಲಿಸುವ ಯೋಜನೆಯೊಂದನ್ನು ಪ್ರಾರಂಭಿಸಿತು. ತೆರಿಗೆ ಮತ್ತು ವಿಮೆ ಸೇರಿ ಕಂತು ಕುಟುಂಬದ ತಿಂಗಳ ಒಟ್ಟು ವರಮಾನದ ಶೇಕಡಾ 31ಕ್ಕೆ ಇಳಿಯಬೇಕು. ಅದಕ್ಕಾಗಿ ಬಡ್ಡಿಯನ್ನು ಶೇಕಡಾ 2ರ ವರೆಗೆ ತಗ್ಗಿಸಬಹುದು, ಅವಧಿಯನ್ನು 40 ವರ್ಷಗಳ ವರೆಗೆ ಹಿಗ್ಗಿಸಬಹುದು ಎಂಬುದು ಅದರ ಸಾರ. ಮೇಲೆ ಕಲ್ಪಿಸಿದ ಸಂಸಾರಕ್ಕೆ ಶೇಕಡಾ 31 ಎಂದರೆ 1,302 ಡಾಲರ್. 3 ಲಕ್ಷಕ್ಕೆ ಶೇಕಡಾ 2ರಂತೆ 40 ವರ್ಷಗಳಿಗೆ ಹಂಚಿದರೆ ಕಂತು ಸುಮಾರು 908 ಡಾಲರ್; ಉಳಿದ ಹಣದಲ್ಲಿ ತೆರಿಗೆ ಮತ್ತು ವಿಮೆಗೆ ಅವಕಾಶವಿದೆ. ಆ ಸಂಸಾರ ಇದನ್ನು ಕೊಡಬಲ್ಲುದು.

ಸಾಲ ಕೊಟ್ಟವರು ದಾನ ಮಾಡಬೇಕೆಂದು ಆ ಯೋಜನೆ ಕೇಳಲಿಲ್ಲ ಎಂಬುದು ಗಮನಾರ್ಹ. ಇಂದಿನ ನೂರು ಡಾಲರ್ ಹತ್ತು ವರ್ಷಗಳ ನಂತರದ ನೂರು ಡಾಲರಿಗೆ ಸಮವಲ್ಲವೆಂಬುದನ್ನೂ, ಇಳಿಸಿದ ಕಂತನ್ನೂ ಸಾಲಗಾರನು ತಪ್ಪಿಸಬಹುದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಹಿಡಿದ ಮೇಲೆ ಸಡಿಲಿಕೆಯಿಂದ ಬರುವ ಹಣವನ್ನು ಒಂದು ತಟ್ಟೆಯಲ್ಲಿ, ಹರಾಜಿನಿಂದ ಬರುವ ಹಣವನ್ನು ಇನ್ನೊಂದರಲ್ಲಿ ಇಟ್ಟು ತೂಗಬೇಕು. ಮೊದಲನೆಯದು ಹೆಚ್ಚು ತೂಗಿದರೆ, ಹೂಡಿಕೆದಾರರೊಡನೆ ಆದ ಒಪ್ಪಂದ ಅಡ್ಡ ಬಾರದಿದ್ದರೆ, ಸಡಿಲಿಸಬೇಕು ಎಂಬುದು ನಿಯಮ. ಅಷ್ಟಾದರೂ 30ರಿಂದ 40 ಲಕ್ಷ ಕುಟುಂಬಗಳಿಗೆ ನೆರವಾಗುವ ಗುರಿಯನ್ನು ಯೋಜನೆ ಮುಟ್ಟಲಿಲ್ಲ. ಅರ್ಜಿ ಸಲ್ಲಿಸಿದವರಲ್ಲಿ ಬಹುಪಾಲು ಮಂದಿ ನಿರಾಕರಣೆ ಪಡೆದರು. ಕಳುಹಿಸಿದ ಕಾಗದಗಳು ಕಳೆದುಹೋದವೆಂಬ ಉತ್ತರ ಮತ್ತೆ ಮತ್ತೆ ಬರುತ್ತಿತ್ತು. ಫೋನಿನಲ್ಲಿ ಪ್ರತಿ ಸಲವೂ ಹೊಸ ದನಿ. ಹಿಂದಿನವರು ಹೇಳಿದ್ದು ಈಗಿನವರಿಗೆ ತಿಳಿಯದು. ಒಂದು ವಿಭಾಗ ಅರ್ಜಿಯನ್ನು ಪರಿಶೀಲಿಸುತ್ತಿರುವಾಗಲೇ ಇನ್ನೊಂದು ವಿಭಾಗ ಹರಾಜಿನ ದಿನ ಗೊತ್ತು ಮಾಡುತ್ತಿತ್ತು.

2010ರ ಶರತ್ಕಾಲದಲ್ಲಿ ಇನ್ನೂ ಗಂಭೀರವಾದ ಸಂಗತಿ ಬೆಳಕಿಗೆ ಬಂದಿತು. ಸಾಲದ ದಾಖಲೆಗಳನ್ನು ಸ್ವತಃ ನೋಡಿದ್ದೇನೆಂದು ನ್ಯಾಯಾಲಯಕ್ಕೆ ಸಲ್ಲಿಸುವ ಪ್ರಮಾಣಪತ್ರಗಳಿಗೆ, ಒಂದನ್ನೂ ಓದದೆ ತಿಂಗಳಿಗೆ ಸಾವಿರಾರು ಸಂಖ್ಯೆಯಲ್ಲಿ ರುಜು ಹಾಕುವ ನೌಕರರಿದ್ದರು. ಹಲವು ದೊಡ್ಡ ಸಂಸ್ಥೆಗಳು ಜಪ್ತಿಯ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2012ರ ಫೆಬ್ರವರಿಯಲ್ಲಿ 49 ರಾಜ್ಯಗಳ ಮತ್ತು ಕೇಂದ್ರ ಸರಕಾರದ ಜೊತೆ ಐದು ಅತಿ ದೊಡ್ಡ ವಸೂಲಿ ಸಂಸ್ಥೆಗಳು ಸುಮಾರು 2,500 ಕೋಟಿ ಡಾಲರುಗಳ ಒಪ್ಪಂದಕ್ಕೆ ಬಂದವು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದರ ಹೆಸರು ಕೂಟಲೇಖಕ್ರಿಯಾ. ಸುಳ್ಳು ಬರೆಹವನ್ನು ನಿಜವೆಂದು ಮುಂದಿಡುವುದು ಅದರ ಅರ್ಥ. ಓದದೆ ಓದಿದ್ದೇನೆಂದು ರುಜು ಹಾಕುವುದು ಆ ಅತಿಚಾರವೇ. ಪ್ರಮಾದವನ್ನು ಹಾಗೆಯೇ ಬಿಟ್ಟರೆ ಅದು ಅಸತ್ಯವಾಗಿ ಬೆಳೆಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಈಗ ಕಠಿನವಾದ ಪ್ರಶ್ನೆ. ಈ ಹಿಂಸೆಯ ಕರ್ತೃ ಯಾರು? ರುಜು ಹಾಕಿದ ನೌಕರನು, ಮೇಲಿನವರು ಹೇಳಿದಂತೆ ಮಾಡಿದೆ ಎನ್ನುತ್ತಾನೆ. ಮೇಲಿನವರು ಹೂಡಿಕೆದಾರರ ಹಿತವನ್ನು ಕಾಯಬೇಕಾಗಿತ್ತು ಎನ್ನುತ್ತಾರೆ. ಹೂಡಿಕೆದಾರನಾದ ನಿವೃತ್ತ ಶಿಕ್ಷಕನಿಗೆ ತನ್ನ ಹಣ ಯಾವ ಮನೆಯ ಮೇಲಿದೆ ಎಂಬುದೇ ತಿಳಿಯದು. ಎಲ್ಲರ ಕೈಯಿಂದಲೂ ಸ್ವಲ್ಪ ಸ್ವಲ್ಪ ಆದ ಕಾರ್ಯಕ್ಕೆ ಯಾರೂ ಹೊಣೆಯಲ್ಲ ಎಂಬಂತಾಗುತ್ತದೆ. ಆದರೆ ಜೈನಾಚಾರದಲ್ಲಿ ಹೊಣೆಗಾರಿಕೆಯ ಎಣಿಕೆ ಬೇರೆ. ಸ್ವತಃ ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಒಪ್ಪಿಕೊಂಡದ್ದು ಅನುಮೋದನೆ. ಮೂರರಲ್ಲೂ ಪಾಲಿದೆ. ಕಾರ್ಯವನ್ನು ನೂರು ಜನರಿಗೆ ಹಂಚಿದರೆ ದೋಷ ನೂರರಲ್ಲೊಂದಾಗಿ ತೆಳುವಾಗುತ್ತದೆ ಎಂಬ ಗಣಿತಕ್ಕೆ ಅಲ್ಲಿ ಸ್ಥಾನವಿಲ್ಲ. ಪ್ರತಿಯೊಬ್ಬನೂ ತನ್ನ ಪ್ರಮಾದಕ್ಕೆ ತಾನೇ ಪೂರ್ಣ ಹೊಣೆ.

ಸರಪಳಿಯ ಒಂದು ಕೊಂಡಿಯಾದವನೂ ನಿಂತು ನೋಡಬಲ್ಲನು ಎಂಬುದಕ್ಕೆ ಅದೇ ದೇಶದಲ್ಲಿ ಸಾಕ್ಷಿಯಿದೆ. ಶಿಕಾಗೋ ನಗರವನ್ನೊಳಗೊಂಡ ಕುಕ್ ಕೌಂಟಿಯಲ್ಲಿ ನ್ಯಾಯಾಲಯದ ಆದೇಶದಂತೆ ಜಪ್ತಿಯಾದ ಮನೆಗಳಿಂದ ಜನರನ್ನು ಹೊರಗೆ ಕಳುಹಿಸುವುದು ಷೆರಿಫ್ ಕಚೇರಿಯ ಕೆಲಸ. 2008ರ ಅಕ್ಟೋಬರಿನಲ್ಲಿ ಷೆರಿಫ್ ಟಾಮ್ ಡಾರ್ಟ್ ಆ ಕೆಲಸವನ್ನು ನಿಲ್ಲಿಸಿದರು. ತಪ್ಪದೆ ಬಾಡಿಗೆ ಕೊಡುತ್ತಿದ್ದ ಬಾಡಿಗೆದಾರರು, ಮಾಲೀಕನ ಸಾಲದ ಸುದ್ದಿಯೇ ತಿಳಿಯದೆ, ಬೀದಿಗೆ ಬೀಳುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತ್ತು. ಮನೆಯಲ್ಲಿ ಯಾರಿದ್ದಾರೆಂದು ಸಾಲ ಕೊಟ್ಟವರು ವಿಚಾರಿಸಿಯೂ ಇರಲಿಲ್ಲ. ಬಾಡಿಗೆದಾರರ ರಕ್ಷಣೆಗೆ ಕ್ರಮಗಳು ಏರ್ಪಟ್ಟ ಮೇಲೆ ಕೆಲಸ ಮತ್ತೆ ಮುಂದುವರಿಯಿತು. ಅದೇ ವರ್ಷ ಫಿಲಡೆಲ್ಫಿಯಾದ ನ್ಯಾಯಾಲಯವು, ಮಾಲೀಕರೇ ವಾಸವಾಗಿರುವ ಮನೆ ಹರಾಜಾಗುವ ಮುನ್ನ ಸಾಲಗಾರನೂ ಸಾಲ ಕೊಟ್ಟವರ ಪ್ರತಿನಿಧಿಯೂ ಮುಖಾಮುಖಿ ಕುಳಿತು ಮಾತನಾಡಬೇಕೆಂದು ವಿಧಿಸಿತು. ಎರಡು ಪ್ರಸಂಗಗಳಲ್ಲೂ ಸಾಲ ಮನ್ನಾ ಆಗಲಿಲ್ಲ. ನೋಡುವ ಕೆಲಸ ಮಾತ್ರ ನಡೆಯಿತು.

ಮನೆ ಕಳೆದುಕೊಳ್ಳುವ ಭಯದಲ್ಲಿರುವವನಿಗೆ ಕೆಲವರು ಅಪರಿಗ್ರಹದ ಉಪದೇಶ ಮಾಡುವುದುಂಟು. ಮನೆಯೂ ಪರಿಗ್ರಹವೇ, ಹೋದರೆ ಹೋಗಲಿ ಎನ್ನುತ್ತಾರೆ. ಇದು ತತ್ತ್ವದ ಅಪಪ್ರಯೋಗ. ಅಪರಿಗ್ರಹವು ತಾನಾಗಿ ಬಿಡುವವನ ವ್ರತ. ಕಿತ್ತುಕೊಳ್ಳುವವನ ಬಾಯಲ್ಲಿ ಆ ಶಬ್ದ ಶೋಭಿಸದು. ಮಕ್ಕಳ ಶಾಲೆ, ವೃದ್ಧರ ಔಷಧ, ನೆರೆಹೊರೆಯ ಆಸರೆ ಎಲ್ಲವೂ ಆ ಮನೆಯೊಡನೆ ಹೆಣೆದುಕೊಂಡಿರುವಾಗ, ಆ ವ್ಯಥೆಯನ್ನು ಮೋಹವೆಂದು ತಳ್ಳಿಹಾಕುವುದು ನಿಷ್ಠುರತೆ. ಆದರೆ ಕೊನೆಗೂ ಮನೆ ಹೋಗುವುದೇ ಆದರೆ, ಮನೆಯ ಜೊತೆಗೆ ಮಾನವೂ ಹೋಯಿತೆಂದು ಕುಸಿಯದಂತೆ ಅದೇ ತತ್ತ್ವ ಗೃಹಸ್ಥನನ್ನು ಎತ್ತಿ ಹಿಡಿಯಬಲ್ಲುದು. ಪ್ರಾಮಾಣಿಕವಾಗಿ ಪ್ರಯತ್ನಿಸಿದವನು ಕಳೆದುಕೊಂಡದ್ದು ವಾಸ್ತುವನ್ನು ಮಾತ್ರ.

ಆ ಪ್ರಯತ್ನ ಯಾವುದೆಂಬುದನ್ನೂ ಹೇಳಬೇಕು. ಸಾಲಗಾರನ ಮೊದಲ ಕರ್ತವ್ಯ ಮುಚ್ಚಿಡದಿರುವುದು. ಕಂತು ತಪ್ಪುವ ಮೊದಲೇ ಮನೆಯವರಿಗೂ ಸಾಲ ಕೊಟ್ಟವರಿಗೂ ಸ್ಥಿತಿಯನ್ನು ತಿಳಿಸಬೇಕು. ಬಂದ ಪತ್ರಗಳನ್ನು ಹೆದರಿ ತೆರೆಯದೆ ಇಡುವುದೂ ಪ್ರಮಾದವೇ. ಅಮೆರಿಕದಲ್ಲಿ 2014ರ ಜನವರಿ 10ರಂದು ಜಾರಿಗೆ ಬಂದ ನಿಯಮಗಳ ಪ್ರಕಾರ, ಸಾಮಾನ್ಯವಾಗಿ ಕಂತು ತಪ್ಪಿ 120 ದಿನಗಳು ಮೀರುವ ವರೆಗೆ ಜಪ್ತಿಯ ಕ್ರಮ ಆರಂಭಿಸಬಾರದು. ಹರಾಜಿಗೆ 37 ದಿನಗಳಿಗಿಂತ ಮೊದಲು ಪೂರ್ಣವಾದ ಅರ್ಜಿ ತಲುಪಿದರೆ ಅದನ್ನು ಪರಿಶೀಲಿಸದೆ ಹರಾಜು ನಡೆಸಬಾರದು. ಸಡಿಲಿಕೆಯನ್ನು ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು. 90 ದಿನಗಳ ಮೊದಲೇ ಅರ್ಜಿ ತಲುಪಿದ್ದರೆ, ನಿರಾಕರಣೆಯ ವಿರುದ್ಧ 14 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಉಂಟು. ಸರಕಾರದ ಮಾನ್ಯತೆ ಪಡೆದ ವಸತಿ ಸಲಹೆಗಾರರು ಇಂತಹವರಿಗೆ ಶುಲ್ಕವಿಲ್ಲದೆ ನೆರವಾಗುತ್ತಾರೆ. ಮನೆ ಉಳಿಸಿಕೊಡುತ್ತೇವೆಂದು ಮೊದಲೇ ಹಣ ಕೇಳುವವರನ್ನು ಹತ್ತಿರ ಸೇರಿಸಬಾರದು.

ನಿರಾಕರಣೆ ಅನಿವಾರ್ಯವೆಂಬ ಮಾತನ್ನು ಕಾಲವೇ ಅಲ್ಲಗಳೆಯಿತು. 2020ರ ಮಾರ್ಚಿನಲ್ಲಿ ಮಹಾಮಾರಿಯ ಕಾಲಕ್ಕೆ ಅದೇ ದೇಶದಲ್ಲಿ, ಸರಕಾರದ ಆಸರೆಯಿದ್ದ ಗೃಹಸಾಲಗಳ ಮಟ್ಟಿಗೆ, ಕಷ್ಟದಲ್ಲಿದ್ದೇನೆಂದು ಸಾಲಗಾರನು ತಿಳಿಸಿದರೆ ಸಾಕು, 180 ದಿನಗಳ ವರೆಗೆ ಕಂತನ್ನು ಮುಂದೂಡಬೇಕೆಂದು ಕಾಯಿದೆಯಾಯಿತು. ಇನ್ನೂ 180 ದಿನ ಮುಂದುವರಿಸಲೂ ಅವಕಾಶವಿತ್ತು. ಲಕ್ಷಾಂತರ ಕುಟುಂಬಗಳು ಅದನ್ನು ಬಳಸಿಕೊಂಡವು. ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡು ಮನೆ ಉಳಿಸಿಕೊಂಡರು.

ಭಾರತದಲ್ಲಿಯೂ ಅಡಮಾನದ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆಯೇ ವಶಪಡಿಸಿಕೊಳ್ಳುವ ಅಧಿಕಾರವನ್ನು 2002ರ ಸರ್ಫೇಸಿ ಕಾಯಿದೆ ಬ್ಯಾಂಕುಗಳಿಗೆ ಕೊಟ್ಟಿದೆ. 60 ದಿನಗಳ ನೋಟೀಸು ಕೊಡಬೇಕು. ಸಾಲಗಾರನು ಆಕ್ಷೇಪಣೆ ಸಲ್ಲಿಸಿದರೆ ಅದನ್ನು ಪರಿಶೀಲಿಸಿ, ಒಪ್ಪದಿದ್ದಲ್ಲಿ 15 ದಿನಗಳೊಳಗೆ ಕಾರಣ ತಿಳಿಸಬೇಕು. ಆ ಉತ್ತರವನ್ನು ಅಚ್ಚು ಹಾಕಿಸಿಟ್ಟ ನಮೂನೆಯಲ್ಲಿ ಬರೆಯಬಹುದು, ಆಕ್ಷೇಪಣೆಯನ್ನು ಓದಿಯೂ ಬರೆಯಬಹುದು. ಕಾನೂನಿನ ಅಕ್ಷರ ಎರಡರಿಂದಲೂ ಪೂರ್ಣವಾದಂತೆ ತೋರೀತು. ಪತ್ತಿನ ಸಂಘದ ನಿರ್ದೇಶಕ ಸ್ಥಾನದಲ್ಲಿರುವ ಶ್ರಾವಕನಿಗೆ ಈ ಎರಡರ ನಡುವಿನ ಅಂತರ ವ್ರತದ ಪ್ರಶ್ನೆ. ದೇವಾಲಯದ ನಿಧಿಯನ್ನು ಠೇವಣಿ ಇಡುವ ವಿಶ್ವಸ್ತರೂ ಬಡ್ಡಿಯ ದರವೊಂದನ್ನೇ ಕೇಳಿ ತೃಪ್ತರಾಗಬಾರದು. ತಮ್ಮ ಹಣವನ್ನು ಸಾಲವಾಗಿ ಕೊಡುವ ಸಂಸ್ಥೆ ಕಷ್ಟದಲ್ಲಿರುವ ಸಾಲಗಾರನ ಅಹವಾಲನ್ನು ಕೇಳುವ ಏರ್ಪಾಡು ಮಾಡಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ವಿಚಾರಿಸಿದರೆ, ಅರಿಯದೆ ಆಗುವ ಅನುಮೋದನೆಯಿಂದ ಪಾರಾಗುವ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ.

ಸೋಸದ ನೀರನ್ನು ಕುಡಿಯಲು ಜೈನ ಮನೆತನದ ಮಗುವೂ ಹಿಂಜರಿಯುತ್ತದೆ. ಕಣ್ಣಿಗೆ ಕಾಣದ ಜೀವಿಗಾಗಿ ಅಷ್ಟು ಎಚ್ಚರ ವಹಿಸುವ ಕೈ, ಮನುಷ್ಯನೊಬ್ಬನ ಮನೆಯ ಅಳಿವು ಉಳಿವು ಅಡಗಿರುವ ಕಾಗದಕ್ಕೆ ರುಜು ಹಾಕುವ ಮುನ್ನ ಅದನ್ನೊಮ್ಮೆ ಪೂರ್ತಿಯಾಗಿ ಓದಲಿ.